ಬಿಡದ ಜೋಮು

ಜೋಮು ಹಿಡಿಯುತ್ತದೆ, ಆಮೇಲೆ ಬಿಡುತ್ತದೆ. ಕನ್ನಡದಲ್ಲಿ ಈ ಪದದ ಬಾಳ್ವೆ ಹೆಚ್ಚುಕಡಿಮೆ ಈ ಎರಡು ಕ್ರಿಯಾಪದಗಳ ನಡುವೆಯೇ ಮುಗಿದುಹೋಗುತ್ತದೆ. ಜ್ವರಕ್ಕಾದರೆ ಬರುವುದು, ಏರುವುದು, ಇಳಿಯುವುದು, ಮರುಕಳಿಸುವುದು ಎಲ್ಲ ಉಂಟು. ನೆಗಡಿ ಆಗುತ್ತದೆ, ಕಟ್ಟುತ್ತದೆ, ಸೋರುತ್ತದೆ. ಜೋಮಿಗೆ ಅಷ್ಟೆಲ್ಲ ದರ್ಬಾರಿಲ್ಲ. ವಸಂತಪುರದ ವಸಂತವಲ್ಲಭರಾಯನ ಗುಡಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತವರು ಮಂಗಳಾರತಿಗೆ ಏಳುವಾಗ "ಅಯ್ಯೋ, ಇರಿ ಇರಿ, ಜೋಮು ಹಿಡಿದುಬಿಟ್ಟಿದೆ" ಎಂದು ಪಕ್ಕದವರ ಭುಜಕ್ಕೆ ಕೈ ಹಾಕುತ್ತಾರೆ. ಯಾರೂ ಗಾಬರಿಯಾಗುವುದಿಲ್ಲ, ಒಂದಿಬ್ಬರು ನಗುತ್ತಾರೆ. ಕಾಲು ಜಾಡಿಸಿ, ಹೆಬ್ಬೆರಳು ಹಿಡಿದೆಳೆದು, ನಾಲ್ಕು ಹೆಜ್ಜೆ ಕುಂಟಿದರೆ ಮುಗಿಯಿತು. ಹಿಡಿದದ್ದು ಬಿಟ್ಟೇ ಬಿಡುತ್ತದೆ ಎಂಬ ಭರವಸೆ ಪದದೊಳಗೇ ಕೂತಿದೆ.

ರಕ್ತ ಓಡಲಿಲ್ಲ, ಅದಕ್ಕೇ ಜೋಮು ಎಂದು ಹಿರಿಯರು ಹೇಳುತ್ತಿದ್ದರು. ಅದು ಅರ್ಧ ನಿಜ. ಕಾಲು ಮಡಚಿ ಕೂತಾಗ ನರವೇ ಒತ್ತಿಗೆ ಸಿಕ್ಕಿಕೊಳ್ಳುತ್ತದೆ, ಅದಕ್ಕೆ ಹೋಗುವ ರಕ್ತವೂ ತಡೆಯುತ್ತದೆ, ಸುದ್ದಿ ಮೇಲಕ್ಕೆ ಹೋಗುವುದು ನಿಲ್ಲುತ್ತದೆ. ಒತ್ತು ತೆಗೆದ ಮೇಲೆ ನರ ಚೇತರಿಸಿಕೊಳ್ಳುವ ಭರದಲ್ಲಿ ತನ್ನಷ್ಟಕ್ಕೆ ತಾನೇ ಸುದ್ದಿ ಕಳಿಸತೊಡಗುತ್ತದೆ. ಇರುವೆ ಹರಿದಂತೆ, ಸೂಜಿ ಚುಚ್ಚಿದಂತೆ ಆಗುವುದು ಆಗಲೇ. ಅಂದರೆ ಜೋಮಿನೊಳಗೆ ಎರಡು ಸಂಗತಿಗಳಿವೆ: ಮೊದಲು ಏನೂ ತಿಳಿಯದಿರುವುದು, ಆಮೇಲೆ ಇಲ್ಲದ್ದೂ ತಿಳಿಯುವುದು. ಒಂದಕ್ಕೊಂದು ತದ್ವಿರುದ್ಧ. ಹಿಂದಿಯವರು ಇವನ್ನು ಬೇರೆ ಬೇರೆ ಇಟ್ಟುಕೊಂಡಿದ್ದಾರೆ, ಮೊದಲನೆಯದಕ್ಕೆ ಸುನ್ನ್, ಎರಡನೆಯದಕ್ಕೆ ಝುನ್‌ಝುನಿ. ನಮ್ಮಲ್ಲೂ ಬೇಕೆಂದರೆ ಮರಗಟ್ಟು ಇದೆ, ಜುಮ್ಮೆನ್ನು ಇದೆ. ಆದರೆ ಜುಮ್ಮೆನ್ನುವುದನ್ನು ಸಿನಿಮಾದವರು ಎಂದೋ ಎತ್ತಿಕೊಂಡು ಹೋದರು, ಈಗ ಅದು ಮೈ ಜುಮ್ಮೆನಿಸುವ ಫೈಟುಗಳ ಪಾಲಾಗಿದೆ. ಮನೆಮಾತಿನಲ್ಲಿ ಎರಡಕ್ಕೂ ಜೋಮೇ ಗತಿ.

ಇನ್ನು ಸರ್ಕಾರಿ ಕನ್ನಡ. ಪ್ರಾಥಮಿಕ ಆರೋಗ್ಯ ಕೇಂದ್ರಗಳ ಗೋಡೆಯ ಮೇಲೆ ಕುಷ್ಠರೋಗದ ಲಕ್ಷಣ ಬರೆದಿರುತ್ತಾರಲ್ಲ, ತಾಮ್ರದ ಬಣ್ಣದ, ಸ್ಪರ್ಶಜ್ಞಾನವಿಲ್ಲದ ಮಚ್ಚೆ ಎಂದು. 'ಸ್ಪರ್ಶಜ್ಞಾನ' ಎಂದು ಯಾವ ರೋಗಿಯೂ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ. ಆ ಜಾಗ ಜೋಮು ಹಿಡಿದ ಹಾಗಿರುತ್ತೆ ಎಂದು ಬರೆದಿದ್ದರೆ ಇನ್ನಷ್ಟು ಜನ ಬೇಗ ಒಳಗೆ ಹೋಗುತ್ತಿದ್ದರೋ ಏನೋ.

ನನ್ನ ಕಾಲಿಗೆ ಹಿಡಿದದ್ದು ಹೋದ ವರ್ಷದ ಗೌರಿ ಹಬ್ಬದ ಆಸುಪಾಸಿನಲ್ಲಿ. ಎಡಗಾಲ ಬೆರಳಿನಿಂದ ಶುರುವಾಗಿ ಬಲಕ್ಕೂ ಬಂತು, ಹಿಮ್ಮಡಿ ದಾಟಿತು, ಈಗ ಸಂಜೆಯ ಹೊತ್ತಿಗೆ ಕೈಬೆರಳ ತುದಿಗೂ ಸುಳಿಯುತ್ತದೆ. ಮೊದಮೊದಲು ಚಪ್ಪಲಿ ಬಿಗಿಯಾಯಿತೇನೋ ಅಂದುಕೊಂಡೆ. ಆಮೇಲೆ ಎಲ್ಲರಂತೆ ಶುಗರು, ಥೈರಾಯ್ಡು, ಬಿ12. ನಮ್ಮ ಕಡೆ ಸಸ್ಯಾಹಾರಿ ಮನೆಗಳಲ್ಲಿ ಕಾಲುರಿ ಅಂದ ತಕ್ಷಣ ಬಿ12 ಹೆಸರೇ ಮೊದಲು ಬರುತ್ತದೆ, ಬರಬೇಕಾದದ್ದೇ. ಅದು ತೀರಾ ಕಡಿಮೆಯಾದರೆ ಬೆನ್ನುಹುರಿಗೂ ಏಟು, ಬೇಗ ಗೊತ್ತಾದರೆ ಇಂಜೆಕ್ಷನ್ನಿನಲ್ಲೇ ಸರಿಹೋಗಬಹುದು. ನನ್ನದು ಸರಿಯಾಗಿಯೇ ಇತ್ತು. ಎಂಆರ್‌ಐ ನಾರ್ಮಲ್. ನಾರ್ಮಲ್ ಎಂಬ ಮಾತು ಕೇಳಿ ಮನೆಮಂದಿಗೆಲ್ಲ ಸಮಾಧಾನವಾಯಿತು, ನನ್ನ ಕಾಲಿಗೆ ಮಾತ್ರ ಆಗಲಿಲ್ಲ. ಅಲ್ಲಿಂದ ಮುಂದೆ ಸಲಹೆಗಳ ಸರದಿ. ಒಬ್ಬರಿಗೆ ಅದು ವಾಯು, ಇನ್ನೊಬ್ಬರಿಗೆ ಟೆನ್ಷನ್ನು. ಅಕ್ಕನಂತೂ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದೇಬಿಟ್ಟಳು. ಘಾಟು ಬರಲಿಲ್ಲ, ಆದ್ದರಿಂದ ದೃಷ್ಟಿಯೇ ಎಂದು ಆ ರೋಗವನ್ನಾದರೂ ಖಚಿತ ಮಾಡಿದಳು.

ನರರೋಗದ ವೈದ್ಯರು ಕನ್ನಡದಲ್ಲಿ ಕೇಳುವ ಪ್ರಶ್ನೆಗಳನ್ನು ಯಾರಾದರೂ ಕೂಡಿಸಿ ಪುಸ್ತಕ ಮಾಡಬೇಕು. "ಜೋಮು" ಅಂದ ಕೂಡಲೇ ಪೆನ್ನು ಕೆಳಗಿಟ್ಟು ಅವರು ಆ ಪದವನ್ನು ಬಿಡಿಸತೊಡಗುತ್ತಾರೆ.

"ಮುಟ್ಟಿದ್ರೆ ಗೊತ್ತಾಗಲ್ವಾ, ಇಲ್ಲಾ ಮುಟ್ಟದೇನೂ ಏನೋ ಆಗ್ತಿರುತ್ತಾ?"

"ಎರಡೂ ಡಾಕ್ಟ್ರೇ."

"ನಡೀವಾಗ ಚಪ್ಪಲಿ ಜಾರುತ್ತಾಮ್ಮ? ಜಾರಿದ್ದು ಗೊತ್ತಾಗುತ್ತಾ, ಗೊತ್ತಾಗದೇ ಮುಂದೆ ಹೋಗಿರ್ತೀರಾ?"

ಈ ಒಂದು ಪ್ರಶ್ನೆಯಲ್ಲಿ ಅರ್ಧ ಪರೀಕ್ಷೆ ಮುಗಿದಿರುತ್ತದೆ. ಜಾರುವುದು ತಿಳಿದೂ ಹಿಡಿದುಕೊಳ್ಳಲಾಗದಿದ್ದರೆ ಶಕ್ತಿ ಕುಂದಿದೆ, ಜಾರಿದ್ದೇ ತಿಳಿಯದಿದ್ದರೆ ಸ್ಪರ್ಶ ಹೋಗಿದೆ. ಬೂಟು ಕಟ್ಟುವ ದೇಶದ ಪಠ್ಯಪುಸ್ತಕದಲ್ಲಿ ಇದು ಹುಟ್ಟುವ ಹಾಗಿಲ್ಲ. ಮುಂದೆ, ಕಣ್ಣು ಮುಚ್ಚಿ ಮುಖಕ್ಕೆ ನೀರು ಹಾಕಿಕೊಳ್ಳುವಾಗ ತೂರಾಡುತ್ತೀರಾ? ಪಾದಗಳಿಂದ ಸುದ್ದಿ ಬರದಿದ್ದರೆ ಮನುಷ್ಯ ಕಣ್ಣನ್ನೇ ನಂಬಿ ನಿಂತಿರುತ್ತಾನೆ, ಕಣ್ಣು ಮುಚ್ಚಿದೊಡನೆ ಬಚ್ಚಲಲ್ಲಿ ವಾಲುತ್ತಾನೆ. ನೆಲದ ಮೇಲೆ ನಡೆದರೆ ಹತ್ತಿ ಹಾಸಿದ ಹಾಗಿರುತ್ತಾ? ಅನ್ನ ಸಾರು ಕಲಸಿ ತುತ್ತು ಮಾಡೋಕೆ ಆಗುತ್ತಾ? ಕುಕ್ಕರುಗಾಲಲ್ಲಿ ಕೂತರೆ ಕೈ ಊರದೆ ಏಳ್ತೀರಾ? ಪ್ರಶ್ನೆಗಳು ಮುಗಿದ ಮೇಲೆ ಶ್ರುತಿ ಕವೆಯನ್ನು ತಟ್ಟಿ ಹೆಬ್ಬೆರಳ ಗೆಣ್ಣಿನ ಮೇಲೆ ಇಟ್ಟರು. ಸೆಕೆಂಡಿಗೆ 128 ಸಲ ಕಂಪಿಸುವ ಲೋಹದ ಕವೆ ಅದು. "ಗುಂಯ್ ಅನ್ನೋದು ನಿಂತಾಗ ಹೇಳಿ" ಅಂದರು. ನಿಂತಿತು ಅಂದೆ. ಅದನ್ನು ತಮ್ಮ ಬೆರಳ ಗೆಣ್ಣಿಗೆ ಒತ್ತಿಕೊಂಡು ನೋಡಿದರು, ಅವರಿಗೂ ನಿಂತಿತ್ತು. ಆ ನರಗಳು ಸರಿಯಾಗಿವೆ ಎಂದು ಅರ್ಥವಂತೆ. ಇಷ್ಟೆಲ್ಲ ಆಗಿ ಅವರು ಚೀಟಿಯಲ್ಲಿ ಬರೆದದ್ದು 'ನಂಬ್‌ನೆಸ್' ಎಂಬ ಒಂದು ಪದ. ಅದರಲ್ಲಿ ನನ್ನ ಜೋಮಿನ ಮೊದಲರ್ಧ ಮಾತ್ರ ಇತ್ತು. ಕೇಳಿದೆ. ನಕ್ಕು ಪಕ್ಕದಲ್ಲಿ 'ಟಿಂಗ್ಲಿಂಗ್' ಎಂದೂ ಸೇರಿಸಿದರು.

ನರಗಳ ಓಟ ಅಳೆಯುವ ಪರೀಕ್ಷೆಯೂ ನಾರ್ಮಲ್ ಬಂತು. ಚರ್ಮಕ್ಕೆ ಕರೆಂಟಿನ ಚಿಟಿಕೆ ಕೊಟ್ಟು ಸುದ್ದಿ ಎಷ್ಟು ವೇಗದಲ್ಲಿ ಹೋಯಿತು ಎಂದು ನೋಡುವ ಪರೀಕ್ಷೆ ಇದು. ಆದರೆ ಇದು ದಪ್ಪ ಎಳೆಗಳನ್ನಷ್ಟೇ ಹಿಡಿಯುತ್ತದೆ. ನೋವು, ಬಿಸಿ, ತಣ್ಣನೆ ಹೊತ್ತು ತರುವ ಸಣ್ಣ ಎಳೆಗಳು ಅದರ ಲೆಕ್ಕಕ್ಕೆ ಬರುವುದಿಲ್ಲ. ಅವನ್ನು ನೋಡಬೇಕೆಂದರೆ ಹಿಮ್ಮಡಿಯ ಮೇಲ್ಭಾಗದ ಚರ್ಮದಿಂದ ಮೂರು ಮಿಲಿಮೀಟರಿನ ಚೂರು ತೆಗೆದು ಸೂಕ್ಷ್ಮದರ್ಶಕದಡಿ ಎಣಿಸಬೇಕು. ಅದರಲ್ಲೂ ಕಾರಣ ಸಿಗದ ರೋಗಿಗಳು ಬೇಕಾದಷ್ಟಿದ್ದಾರೆ. ಅವರಿಗೆ 'ಇಡಿಯೋಪಥಿಕ್' ಎಂಬ ಗ್ರೀಕ್ ಮೂಲದ ಪದ ದಯಪಾಲಿಸುತ್ತಾರೆ. ಗೊತ್ತಿಲ್ಲ ಎಂಬುದಕ್ಕೆ ಹಾಕಿದ ಕೋಟು ಅದು.

ನಿಮ್ಹಾನ್ಸ್‌ಗೆ ತೋರಿಸಿ ಎಂದು ಬರೆದುಕೊಟ್ಟಾಗ ಇನ್ನೊಂದು ಪದದ ಕಾಟ ಶುರುವಾಯಿತು. ಉತ್ತರಹಳ್ಳಿಯಿಂದ ಬನಶಂಕರಿಗೆ ಬಂದು, ಅಲ್ಲಿಂದ ಹೊಸೂರು ರಸ್ತೆಗೆ ಹೋಗುತ್ತೇನೆ ಅಂದರೆ ಎದುರಿನವರ ದನಿ ತಗ್ಗುತ್ತದೆ. ಬೆಂಗಳೂರಿನ ಬೈಗುಳದಲ್ಲಿ ನಿಮ್ಹಾನ್ಸ್ ಇನ್ನೂ ಹುಚ್ಚಾಸ್ಪತ್ರೆಯೇ. ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. ಹೆಸರಿನಲ್ಲೇ ನರವಿಜ್ಞಾನ ಬಂದು ಐವತ್ತು ವರ್ಷ ಕಳೆದರೂ ನೆರೆಹೊರೆಯ ಕಿವಿಗೆ ಅದು ಇನ್ನೂ ಬಿದ್ದಿಲ್ಲ. ಮನಸ್ಸಿನ ಕಾಯಿಲೆಗೆ ಹೋದರೆ ತಾನೇ ಅವಮಾನ ಏನು ಎಂದು ಕೇಳುವಷ್ಟು ವ್ಯವಧಾನ ನನಗಿರಲಿಲ್ಲ. "ಕಾಲಿಗೆ, ಕಾಲಿಗೆ" ಎಂದು ಹೇಳುತ್ತ ಹೋದೆ. ಅಲ್ಲಿ ಹೊರರೋಗಿಗಳ ಸಾಲಿನಲ್ಲಿ ಪಕ್ಕ ಕೂತ ತೆಲುಗು ಹೆಂಗಸು "ತಿಮ್ಮಿರಿ" ಅಂದರು, ನಾನು ಜೋಮು ಅಂದೆ, ಇಬ್ಬರೂ ಪಾದ ತೋರಿಸಿಕೊಂಡೆವು.

ಆ ಆಸ್ಪತ್ರೆ ಹೆಸರಿಲ್ಲದ್ದಕ್ಕೆ ಹೆಸರಿಟ್ಟದ್ದೂ ಉಂಟು. ಒಂದೇ ಕೈ ಅಥವಾ ಒಂದೇ ಕಾಲು ಸೊರಗುತ್ತ ಹೋಗಿದ್ದ, ಬಹುಪಾಲು ಹರೆಯದ ಗಂಡಸರೇ ಆದ ರೋಗಿಗಳನ್ನು ಗಮನಿಸಿ, ಡಾ. ಎಂ. ಗೌರಿದೇವಿ ಮತ್ತು ಸಂಗಡಿಗರು 1984ರಲ್ಲಿ ಅದನ್ನು ಮೋನೋಮೆಲಿಕ್ ಅಮಯೋಟ್ರೋಫಿ ಎಂದು ಕರೆದರು. ನಾಲಿಗೆ ತಿರುಗದ ಹೆಸರು. ಅದರಿಂದ ಸೊರಗಿದ ಕೈ ತುಂಬಿಕೊಳ್ಳಲೂ ಇಲ್ಲ. ಆದರೆ ಕೆಲವು ವರ್ಷ ಸೊರಗಿ ಆಮೇಲೆ ಅಲ್ಲಿಗೇ ನಿಲ್ಲುತ್ತದೆ, ಮೈಯೆಲ್ಲ ಹಬ್ಬುವುದಿಲ್ಲ ಎಂದು ಆ ಹುಡುಗರಿಗೆ ಹೇಳಲು ಸಾಧ್ಯವಾಯಿತು. ಮೈಸೂರು, ಚಾಮರಾಜನಗರದ ಕಡೆ ತಲೆಗೆ ಬಿಸಿನೀರು ಹೊಯ್ದುಕೊಳ್ಳುವಾಗ ಫಿಟ್ಸ್ ಬರುತ್ತಿದ್ದವರ ಕಥೆಯೂ ಹೀಗೆಯೇ. ಬಿಸಿನೀರಿನ ಅಪಸ್ಮಾರ ಎಂದು ಗುರುತಿಸಿದ ಮೇಲೆ ನೀರಿನ ಕಾವು ಇಳಿಸಿ, ಬೇಕಾದವರು ಸ್ನಾನಕ್ಕೆ ಮುಂಚೆ ಮಾತ್ರೆ ನುಂಗಿ ಬಚ್ಚಲಿಗೆ ಹೋಗುವುದು ಸಾಧ್ಯವಾಯಿತು. ನನಗೆ ಬೇಕಿರುವುದೂ ಅಷ್ಟೇ. ಇದು ನಿಲ್ಲುತ್ತದೋ, ಹಬ್ಬುತ್ತದೋ, ಏನು ಮಾಡಬಾರದು ಎಂಬ ಒಂದೆರಡು ಮಾತು.

ಸದ್ಯಕ್ಕೆ ಚರ್ಮದ ಚೂರು ತೆಗೆಯೋಣ ಎಂದಿದ್ದಾರೆ. ಕೆಳಗಿನ ಮನೆಯವರು ದಿನಾ ಕೇಳುತ್ತಾರೆ: "ಏನಂತೆ?" "ನೋಡ್ತಿದ್ದಾರೆ" ಅನ್ನುತ್ತೇನೆ. ಹೋದ ವಾರ ಅವರು ಕೆಂಗೇರಿಯಿಂದ ತರಿಸಿದ ಒಂದು ಶೀಷೆ ಎಣ್ಣೆ ಕೊಟ್ಟು, ರಾತ್ರಿ ಬಿಸಿ ಮಾಡಿ ಹಚ್ಚಿಕೊಳ್ಳಿ ಅಂದರು. ಪಾದಕ್ಕೆ ಬಿಸಿ ಎಷ್ಟೆಂದು ಸರಿಯಾಗಿ ತಿಳಿಯುವುದಿಲ್ಲವಾದ್ದರಿಂದ ಮೊದಲು ಮೊಣಕೈಗೆ ಒಂದು ಹನಿ ಬಿಟ್ಟು ನೋಡಿಕೊಂಡು ಹಚ್ಚುತ್ತಿದ್ದೇನೆ.