ಟೈಂ ಬಾಂಬಿನ ಮೇಷ್ಟ್ರು, ಕಾಡಿನ ಹುಡುಗರು

ಎಚ್.ಎಸ್. ದೊರೆಸ್ವಾಮಿ ಅಂದರೆ ನಮಗೆಲ್ಲ ನೆನಪಾಗುವುದು ಖಾದಿ ತೊಟ್ಟು ಧರಣಿಯಲ್ಲಿ ಕೂತ ಅಜ್ಜ. ಆದರೆ 1942ರಲ್ಲಿ ಈ ಗಾಂಧಿವಾದಿ ಮೇಷ್ಟ್ರು ಬೆಂಗಳೂರಿನಲ್ಲಿ ಟೈಂ ಬಾಂಬ್ ಇಡಿಸುತ್ತಿದ್ದರು! ಗುರಿ ಅಂಚೆ ಡಬ್ಬಿಗಳು, ಸರ್ಕಾರಿ ಕಚೇರಿಗಳ ದಾಖಲೆ ಕೋಣೆಗಳು. ಕಾಗದ ಸುಡಬೇಕು, ಆಡಳಿತ ನಿಲ್ಲಬೇಕು, ಜನ ಸಾಯಬಾರದು ಅನ್ನುವುದು ಲೆಕ್ಕ. ಜೊತೆಗೆ ಗಿರಣಿ ಕಾರ್ಮಿಕರ ಮುಷ್ಕರವನ್ನೂ ಸಂಘಟಿಸಿದರು. ಸಿಕ್ಕಿಬಿದ್ದು 14 ತಿಂಗಳು ಜೈಲಿನಲ್ಲಿದ್ದರು.

ಸ್ವಾತಂತ್ರ್ಯ ಬಂದ ಮೇಲೆ ಜೊತೆಯವರಲ್ಲಿ ಎಷ್ಟೋ ಜನ ಶಾಸಕರು, ಮಂತ್ರಿಗಳಾದರು. ಇವರು ಕುರ್ಚಿಯ ಕಡೆ ಹೋಗಲಿಲ್ಲ, ಬೀದಿಯ ರಾಜಕೀಯದಲ್ಲೇ ಉಳಿದರು. ತುರ್ತುಪರಿಸ್ಥಿತಿಯಲ್ಲಿ ಇಂದಿರಾ ಗಾಂಧಿಯವರಿಗೆ ಖಾರವಾಗಿ ಪತ್ರ ಬರೆದು ಮತ್ತೆ ಜೈಲು ಕಂಡರು.

ಈಗ ಮಲೆನಾಡಿಗೆ ಬನ್ನಿ, ಅಜ್ಜ ಕೊನೆಗೆ ಬಂದದ್ದೂ ಇಲ್ಲಿಯ ವಿಷಯಕ್ಕೇ. ಕುದುರೆಮುಖ ರಾಷ್ಟ್ರೀಯ ಉದ್ಯಾನದಿಂದ ಒಕ್ಕಲೆಬ್ಬಿಸುತ್ತಾರೆ ಅನ್ನುವ ಭಯ ಕಾಡಂಚಿನ ಮನೆಗಳಲ್ಲಿತ್ತು. ಆ ಭಯದ ನಡುವೆ ನಕ್ಸಲರು ಬಂದರು, ಹಿಂದೆಯೇ ಪೊಲೀಸರೂ ಬಂದರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆಯವರಿಗೆ ಆ ವರ್ಷಗಳನ್ನು ವಿವರಿಸಬೇಕಾಗಿಲ್ಲ. 2005ರ ಫೆಬ್ರವರಿ 6ರಂದು ಕೊಪ್ಪ ತಾಲ್ಲೂಕಿನ ಬಲಿಗೆ ಬಳಿ ಸಾಕೇತ್ ರಾಜನ್ ಗುಂಡಿಗೆ ಬಲಿಯಾದರು. ಕರ್ನಾಟಕದ ಚರಿತ್ರೆಯನ್ನು ‘ಮೇಕಿಂಗ್ ಹಿಸ್ಟರಿ’ ಅಂತ ಬರೆದ ಮನುಷ್ಯ! ಕೆಲವೇ ದಿನಗಳಲ್ಲಿ ಪಾವಗಡದ ವೆಂಕಟಮ್ಮನಹಳ್ಳಿಯ ಪೊಲೀಸ್ ಶಿಬಿರದ ಮೇಲೆ ನಕ್ಸಲರ ದಾಳಿಯಾಯಿತು. ಸತ್ತವರಲ್ಲಿ ಹೆಚ್ಚಿನವರು ಸಂಬಳಕ್ಕೆ ದುಡಿಯುವ ಪೊಲೀಸರು. 2007ರ ಜುಲೈನಲ್ಲಿ ಮೆಣಸಿನಹಾಡ್ಯದಲ್ಲಿ ಮತ್ತೆ ಐದು ಹೆಣ ಬಿದ್ದವು.

ಅಜ್ಜನ ಬಾಂಬಿಗೂ ಈ ಬಂದೂಕಿಗೂ ನನ್ನ ಮಟ್ಟಿಗೆ ದೊಡ್ಡ ವ್ಯತ್ಯಾಸವಿದೆ. ಅಲ್ಲಿ ಸುಟ್ಟದ್ದು ಕಾಗದ, ಇಲ್ಲಿ ಹೋದದ್ದು ಜೀವ. ಆದರೆ ಅದನ್ನೇ ನೆಪ ಮಾಡಿಕೊಂಡು ಅವರು ದೂರ ನಿಲ್ಲಲಿಲ್ಲ, ನೋಡಿ. ಗೌರಿ ಲಂಕೇಶ್, ಎ.ಕೆ. ಸುಬ್ಬಯ್ಯ ಜೊತೆ ಸೇರಿ ಮಾತುಕತೆಗೆ ದಾರಿ ಮಾಡಿದರು. 2014ರ ಡಿಸೆಂಬರ್ 8ರಂದು ಸಿರಿಮನೆ ನಾಗರಾಜ್ ಮತ್ತು ನೂರ್ ಶ್ರೀಧರ್ ಚಿಕ್ಕಮಗಳೂರಿನಲ್ಲಿ ಜಿಲ್ಲಾಡಳಿತದ ಮುಂದೆ ಬಂದರು. ಆಗ ದೊರೆಸ್ವಾಮಿಯವರಿಗೆ 96 ವರ್ಷ. ಆ ಇಬ್ಬರೂ ಆಮೇಲೆ ಹಿಡಿದದ್ದು ಬಹಿರಂಗ ಹೋರಾಟದ ದಾರಿ.

2017ರಲ್ಲಿ ಗೌರಿಯವರನ್ನು ಅವರ ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಸುಬ್ಬಯ್ಯ 2019ರಲ್ಲಿ, ದೊರೆಸ್ವಾಮಿ 2021ರ ಮೇ ತಿಂಗಳಲ್ಲಿ ತೀರಿಕೊಂಡರು. 2024ರ ನವೆಂಬರ್‌ನಲ್ಲಿ ಹೆಬ್ರಿ ಬಳಿ ವಿಕ್ರಂ ಗೌಡನ ಹತ್ಯೆಯಾಯಿತು. ಎರಡು ತಿಂಗಳೂ ಆಗಿರಲಿಲ್ಲ, 2025ರ ಜನವರಿ 8ರಂದು ಶೃಂಗೇರಿ ತಾಲ್ಲೂಕಿನ ಮುಂಡಗಾರು ಲತಾ ಸೇರಿ ಆರು ಜನ ಬೆಂಗಳೂರಿನಲ್ಲಿ ಮುಖ್ಯಮಂತ್ರಿಯ ಮುಂದೆ ಶರಣಾದರು. ಅಲ್ಲಿಂದ ಅವರು ಹೋದದ್ದು ಜೈಲಿಗೆ.