ಲೆಕ್ಕಪುಸ್ತಕಕ್ಕೆ ಸಿಗದ ಮತ: ಕೊಳ್ಳೇಗಾಲ ಸೀಮೆಯ ಚುನಾವಣಾ ಚರಿತ್ರೆ

ಕೊಳ್ಳೇಗಾಲ ಮತ್ತು ಹನೂರು 1956ರವರೆಗೆ ಮದ್ರಾಸ್ ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. ಪಕ್ಕದ ಯಳಂದೂರು ಮೈಸೂರು ಸಂಸ್ಥಾನದಲ್ಲಿ ದಿವಾನ್ ಪೂರ್ಣಯ್ಯನವರ ಜಹಗೀರು. ಮದ್ರಾಸಿನಲ್ಲಿ 1920ರ ಚುನಾವಣೆ ನಡೆದಾಗ ಮತದ ಹಕ್ಕಿದ್ದದ್ದು ಬಹುಮಟ್ಟಿಗೆ ಕಂದಾಯ ಕಟ್ಟುವ ಆಸ್ತಿವಂತರಿಗೆ. ಮತಕ್ಕೆ ಲಂಚ ಕೊಡುವುದು ಭಾರತೀಯ ದಂಡ ಸಂಹಿತೆಯಲ್ಲಿ ಅಪರಾಧವಾದದ್ದೂ ಅದೇ 1920ರಲ್ಲಿ. ಬಡವರಿಗೆ ಮತ ಸಿಕ್ಕ ಮೇಲೆ ಚುನಾವಣೆಗೆ ಹಣ ಹೊಕ್ಕಿತು ಎಂದು ವಾದಿಸುವವರು ಈ ಇಸವಿಯನ್ನು ಮರೆಯಬಾರದು.

ಇಲ್ಲಿ ಮತ ಗೆಲ್ಲುವ ಕೆಲಸ ಬಹುಪಾಲು ನಡೆಯುವುದು ಚುನಾವಣೆ ಘೋಷಣೆಯಾಗುವ ಮುಂಚೆಯೇ. ಸಾವು, ಮದುವೆ, ಮಾರಿಹಬ್ಬ, ಆಸ್ಪತ್ರೆ, ಠಾಣೆ, ತಾಲ್ಲೂಕು ಕಚೇರಿ, ಹೀಗೆ ಕರೆದಲ್ಲಿಗೆ ಬಂದು ನಿಂತವರನ್ನು ಊರು ನೆನಪಿಟ್ಟುಕೊಳ್ಳುತ್ತದೆ. ಬೀದಿಯ ಯಜಮಾನರ ಮಾತಿಗೆ ತೂಕ ಬರುವುದೂ ಅದರಿಂದಲೇ. ಹನೂರಿನಲ್ಲಿ ದಶಕಗಳ ಕಾಲ ಎಚ್. ನಾಗಪ್ಪ ಮತ್ತು ಜಿ. ರಾಜುಗೌಡರ ಮನೆತನಗಳ ನಡುವೆಯೇ ಪೈಪೋಟಿ ನಡೆಯಿತು. 2002ರ ಆಗಸ್ಟ್‌ನಲ್ಲಿ ನಾಗಪ್ಪನವರನ್ನು ಕಾಡುಗಳ್ಳ ವೀರಪ್ಪನ್ ಕಾಮಗೆರೆಯಿಂದ ಅಪಹರಿಸಿದ. ಡಿಸೆಂಬರ್‌ನಲ್ಲಿ ಅವರು ಶವವಾಗಿ ಸಿಕ್ಕರು. 2004ರಲ್ಲಿ ಅವರ ಪತ್ನಿ ಪರಿಮಳಾ ನಾಗಪ್ಪ ಗೆದ್ದರು. ಮುಂದಿನ ಮೂರು ಚುನಾವಣೆ ರಾಜುಗೌಡರ ಮಗ ಆರ್. ನರೇಂದ್ರ ಅವರದ್ದಾಯಿತು.

ಅದೇ 2004ರಲ್ಲಿ ಯಳಂದೂರನ್ನು ಒಳಗೊಂಡಿದ್ದ ಸಂತೇಮರಹಳ್ಳಿ ಮೀಸಲು ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ 40,752 ಮತ ಪಡೆದರು. ಹಿರಿಯ ರಾಜಕಾರಣಿ ಬಿ. ರಾಚಯ್ಯನವರ ಮಗ, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಪಡೆದದ್ದು 40,751. ಕೃಷ್ಣಮೂರ್ತಿಯವರ ಕಾರಿನ ಚಾಲಕನಿಗೆ ಅಂದು ಮತ ಹಾಕಲು ಬಿಡುವೇ ಸಿಗಲಿಲ್ಲ ಎಂಬ ಮಾತು ಜಿಲ್ಲೆಯಾಚೆಗೂ ಹಬ್ಬಿದೆ. ಆಗ ವಿಧಾನಸಭಾ ಅಭ್ಯರ್ಥಿಯ ವೆಚ್ಚದ ಮಿತಿ 10 ಲಕ್ಷ ರೂಪಾಯಿ. ಆ ಒಂದು ಮತವನ್ನು ತಂದುಕೊಟ್ಟ ಖರ್ಚು ಯಾವುದೆಂದು ಯಾವ ವೋಚರೂ ಹೇಳಲಾರದು. 2008ರಲ್ಲಿ ಕ್ಷೇತ್ರವೇ ಇಲ್ಲವಾಗಿ ಯಳಂದೂರು ಕೊಳ್ಳೇಗಾಲಕ್ಕೆ ಸೇರಿತು.

ಈ ಸೀಮೆಯ ಅತಿ ಮುಖ್ಯ ಪ್ರಯೋಗ ಬಹುಜನ ಸಮಾಜ ಪಕ್ಷದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದು ವೋಟಿನ ಜೊತೆ ಒಂದು ನೋಟನ್ನೂ ಕೇಳುವ ಪದ್ಧತಿಯನ್ನು ಪಕ್ಷದ ಸ್ಥಾಪಕ ಕಾನ್ಶಿರಾಮ್ 1988ರ ಅಲಹಾಬಾದ್ ಉಪಚುನಾವಣೆಯಲ್ಲಿ ಪ್ರಚುರಪಡಿಸಿದ್ದರು. ಕೈಯಿಂದ ಹಣ ಕೊಟ್ಟವನು ಮತವನ್ನು ಮಾರಿಕೊಳ್ಳುವುದಿಲ್ಲ ಎಂಬುದು ಅದರ ಹಿಂದಿನ ನಂಬಿಕೆ. ಕೆಎಎಸ್ ಹುದ್ದೆ ಬಿಟ್ಟುಬಂದ ಎನ್. ಮಹೇಶ್ ಕೊಳ್ಳೇಗಾಲದಲ್ಲಿ ಮತ್ತೆ ಮತ್ತೆ ಸೋತು, 2018ರಲ್ಲಿ ಜೆಡಿಎಸ್ ಮೈತ್ರಿಯೊಂದಿಗೆ ಕೃಷ್ಣಮೂರ್ತಿಯವರನ್ನೇ 19 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು, ಮಂತ್ರಿಯೂ ಆದರು. ಮೈತ್ರಿ ಸರ್ಕಾರದ 2019ರ ವಿಶ್ವಾಸಮತಕ್ಕೆ ಗೈರಾದದ್ದಕ್ಕೆ ಪಕ್ಷ ಅವರನ್ನು ಉಚ್ಚಾಟಿಸಿತು. 2021ರಲ್ಲಿ ಬಿಜೆಪಿ ಸೇರಿ, 2023ರಲ್ಲಿ ಅದರ ಅಭ್ಯರ್ಥಿಯಾದರು. 2018ರಂತೆ ಈ ಸಲವೂ ಕಾಂಗ್ರೆಸ್ಸಿನಿಂದ ನಿಂತಿದ್ದ ಕೃಷ್ಣಮೂರ್ತಿ 59 ಸಾವಿರಕ್ಕೂ ಹೆಚ್ಚಿನ ಅಂತರದಲ್ಲಿ ಗೆದ್ದರು. ವರ್ಷಗಟ್ಟಲೆ ಬೀದಿ ಬೀದಿ ತಿರುಗಿ ಕಟ್ಟಿದ ಮತ ನಾಯಕನೊಬ್ಬನ ಆಸ್ತಿಯಾಗಿ ಹೊಸ ಪಕ್ಷಕ್ಕೆ ವರ್ಗವಾಗಲಿಲ್ಲ.

ಕಾನೂನಿನ ಕಣ್ಣು ಬೀಳುವುದು ಬೇರೆ ಕಡೆ. ಅಭ್ಯರ್ಥಿ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಬೇಕು. ಪೆಂಡಾಲು, ಕುರ್ಚಿ, ಚಹಾ, ತಿಂಡಿಗೆ ಜಿಲ್ಲಾ ಚುನಾವಣಾಧಿಕಾರಿ ನಿಗದಿಪಡಿಸಿದ ದರಪಟ್ಟಿಯಂತೆ ದಿನವಹಿ ಬರೆದಿಡಬೇಕು. ಫಲಿತಾಂಶದ 30 ದಿನಗಳೊಳಗೆ ಲೆಕ್ಕ ಒಪ್ಪಿಸಬೇಕು. ತಮಿಳುನಾಡಿನ ಗಡಿಯ ಪಾಲಾರ್‌ನಂಥ ಚೆಕ್‌ಪೋಸ್ಟಿನಲ್ಲಿ 50,000 ರೂಪಾಯಿ ಮೀರಿದ ನಗದಿಗೆ ದಾಖಲೆ ತೋರಿಸಬೇಕು. ದನದ ವ್ಯಾಪಾರಿಗೂ ರೇಷ್ಮೆಗೂಡು ಮಾರಿ ಬರುವ ರೈತನಿಗೂ ಇದರಿಂದ ತಪ್ಪಿದ್ದಲ್ಲ. ಆದರೆ ಪಕ್ಷದ ಖರ್ಚಿಗೆ ಇಂದಿಗೂ ಮಿತಿಯಿಲ್ಲ. ಪಕ್ಷ ಮಾಡಿದ ಖರ್ಚನ್ನೂ ಅಭ್ಯರ್ಥಿಯ ಲೆಕ್ಕಕ್ಕೆ ಸೇರಿಸಬೇಕೆಂದು 1974ರಲ್ಲಿ ಸುಪ್ರೀಂ ಕೋರ್ಟ್ ಕನ್ವರ್‌ಲಾಲ್ ಗುಪ್ತ ಪ್ರಕರಣದಲ್ಲಿ ಹೇಳಿತ್ತು. ಕೇಂದ್ರ ಸರ್ಕಾರ ಅದೇ ವರ್ಷ ಸುಗ್ರೀವಾಜ್ಞೆ ತಂದು ಆ ಬಾಗಿಲನ್ನು ಮುಚ್ಚಿತು. ಇದು ಅನ್ಯಾಯ, ಜನರ ಚಂದಾ ನಂಬಿದ ಸಣ್ಣ ಪಕ್ಷಕ್ಕಂತೂ ದೊಡ್ಡ ಅನ್ಯಾಯ. 2018ರ ಚುನಾವಣಾ ಬಾಂಡ್ ದಾನಿಯ ಹೆಸರನ್ನೂ ಮರೆಮಾಡಿತು. 2024ರ ಫೆಬ್ರವರಿ 15ರಂದು ನ್ಯಾಯಾಲಯ ಅದನ್ನು ರದ್ದುಪಡಿಸಿತು.

ಎರಡು ತಿಂಗಳ ನಂತರ, ಏಪ್ರಿಲ್ 26ರಂದು, ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದ ಕಾಡಂಚಿನ ಇಂಡಿಗನತ್ತದಲ್ಲಿ ಜನ ಲೋಕಸಭಾ ಮತದಾನ ಬಹಿಷ್ಕರಿಸಿದರು. ಅವರು ಕೇಳಿದ್ದು ಹಣವನ್ನಲ್ಲ, ರಸ್ತೆಯಂಥ ಮೂಲಸೌಕರ್ಯವನ್ನು. ಗಲಾಟೆಯಲ್ಲಿ ಮತಯಂತ್ರ ಒಡೆಯಿತು. 29ರಂದು ಮರುಮತದಾನ ಏರ್ಪಡಿಸಿದಾಗಲೂ ಬಹುಪಾಲು ಮತದಾರರು ಮತಗಟ್ಟೆಗೆ ಬರಲಿಲ್ಲ.