ಕಾರ್ಬನ್ ನ್ಯಾನೊಟ್ಯೂಬ್ ಬಲವರ್ಧಿತ ಲೋಹಗಳು: ತಯಾರಿಕೆ, ಬಲ ಮತ್ತು ಸವೆತ

ಪರಿಚಯ
ಅಡಿಕೆ ಸುಲಿಯುವ ಯಂತ್ರವಿರಲಿ, ವಾಹನದ ಎಂಜಿನ್ ಇರಲಿ, ಒಂದಕ್ಕೊಂದು ಉಜ್ಜುವ ಲೋಹದ ಬಿಡಿಭಾಗಗಳು ಕ್ರಮೇಣ ಸವೆಯುತ್ತವೆ. ಅಲ್ಯೂಮಿನಿಯಂ ಹಗುರವಾದರೂ ಬೇಗ ಸವೆಯುವ ಲೋಹವಾಗಿದೆ. ಅದರ ಬಲವನ್ನು ಹೆಚ್ಚಿಸಲು ಕಾರ್ಬನ್ ನ್ಯಾನೊಟ್ಯೂಬ್ ಎಂಬ ಅತಿಸೂಕ್ಷ್ಮ ಇಂಗಾಲದ ನಳಿಕೆಗಳನ್ನು ಬೆರೆಸಲಾಗುತ್ತದೆ. 1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಅವರ ವರದಿಯಿಂದ ಇವು ವಿಜ್ಞಾನಿಗಳ ಗಮನ ಸೆಳೆದವು. ಫೆರೊಸೀನ್‌ನಂತಹ ಸಂಯುಕ್ತಗಳನ್ನು ಶಾಖದಿಂದ ವಿಭಜಿಸಿ ಇವುಗಳನ್ನು ಪಡೆಯುವ ಬಗ್ಗೆ ಪ್ರೊ. ಸಿ.ಎನ್.ಆರ್. ರಾವ್ ಅವರು 1990ರ ದಶಕದಲ್ಲಿ ಬೆಂಗಳೂರಿನಲ್ಲಿ ಸಂಶೋಧನೆ ಕೈಗೊಂಡರು.

ತಯಾರಿಕೆ
ಲೋಹದ ಪುಡಿ ಹಾಗೂ ನ್ಯಾನೊಟ್ಯೂಬ್‌ಗಳನ್ನು ಬಾಲ್ ಮಿಲ್‌ನಲ್ಲಿ ಬೆರೆಸಿ, ಅಚ್ಚಿನಲ್ಲಿ ಒತ್ತಿ, ಲೋಹವು ಕರಗದಷ್ಟು ಶಾಖದಲ್ಲಿ ಬೆಸೆಯಲಾಗುತ್ತದೆ. ಕರಗಿದ ಅಲ್ಯೂಮಿನಿಯಂಗೆ ನೇರವಾಗಿ ಹಾಕಿದಲ್ಲಿ ಅವು ಸುಲಭವಾಗಿ ಬೆರೆಯುವುದಿಲ್ಲ. ಅಧಿಕ ಶಾಖದಲ್ಲಿ ಪೆಡಸಾದ ಅಲ್ಯೂಮಿನಿಯಂ ಕಾರ್ಬೈಡ್ ಸಹ ಉಂಟಾಗುತ್ತದೆ.

ಬಲ ಮತ್ತು ಸವೆತ
ಅಲ್ಯೂಮಿನಿಯಂನ ಸ್ಥಿತಿಸ್ಥಾಪಕತ್ವ ಗುಣಾಂಕವು ಸುಮಾರು 70 ಗಿಗಾಪಾಸ್ಕಲ್. ನ್ಯಾನೊಟ್ಯೂಬ್‌ನದು ಸುಮಾರು 1000. ನಳಿಕೆಗಳು ಸಮನಾಗಿ ಹರಡಿದಾಗ ಲೋಹದ ಗಡಸುತನ ಹೆಚ್ಚಿ ಸವೆತ ತಗ್ಗುತ್ತದೆ. ಪ್ರಮಾಣ ಮಿತಿಮೀರಿದರೆ ಅವು ಗಂಟುಕಟ್ಟಿ, ಆ ಸ್ಥಳದಿಂದಲೇ ಬಿರುಕು ಆರಂಭವಾಗುತ್ತದೆ. ಆದುದರಿಂದ ಬೆರೆಸಿದ ಶೇಕಡಾವಾರು ಪ್ರಮಾಣವೊಂದೇ ಗುಣಮಟ್ಟದ ಅಳತೆಯಲ್ಲ.

ಉದ್ದಿಮೆದಾರರ ಗಮನಕ್ಕೆ
ಇಂತಹ ಬಿಡಿಭಾಗಗಳನ್ನು ತಯಾರಿಸುವ ಅಥವಾ ಕೊಳ್ಳುವವರು ಗಡಸುತನ, ಎಳೆತ ಹಾಗೂ ಸವೆತದ ಪರೀಕ್ಷಾ ವರದಿಗಳನ್ನು ಪರಿಶೀಲಿಸುವುದು ಸೂಕ್ತ. ನ್ಯಾನೊಟ್ಯೂಬ್ ಧೂಳು ಶ್ವಾಸಕೋಶಕ್ಕೆ ಹಾನಿಕರವಾಗಬಹುದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2014ರಲ್ಲಿ ಇವುಗಳ ಒಂದು ಬಗೆಯನ್ನು ಕ್ಯಾನ್ಸರ್ ಉಂಟುಮಾಡುವ ಸಾಧ್ಯತೆಯುಳ್ಳದ್ದೆಂದು ವರ್ಗೀಕರಿಸಿದೆ. ಆದಕಾರಣ ಪುಡಿಯನ್ನು ಮುಚ್ಚಿದ ಸಾಧನಗಳಲ್ಲಿಯೇ ಬೆರೆಸಿ, ಕಾರ್ಮಿಕರಿಗೆ ಸೂಕ್ತ ಉಸಿರಾಟ ರಕ್ಷಾ ಸಾಧನಗಳನ್ನು ಒದಗಿಸುವುದು ಅವಶ್ಯಕ.